ಅವ್ವ ನಿದ್ದೆ ಮಾಡುವ ಗಾಡಿ: ಸಿವಿಟಿ ಗೇರ್‌ಬಾಕ್ಸ್ ಜೊತೆ ಆರೂವರೆ ವರ್ಷ, 74,000 ಕಿ.ಮೀ.

ನಮ್ಮವ್ವನಿಗೆ ಗಾಡಿ ಹತ್ತಿದರೆ ಹೊಟ್ಟೆ ತೊಳೆಸುತ್ತದೆ. ಬಸ್ಸಾಗಲಿ ಕಾರಾಗಲಿ, ಕೈಯಲ್ಲೊಂದು ನಿಂಬೆಹಣ್ಣು, ಮಡಿಲಲ್ಲೊಂದು ಪ್ಲಾಸ್ಟಿಕ್ ಕವರ್ ಇಲ್ಲದೆ ಆಕೆ ಹೊರಟವಳೇ ಅಲ್ಲ. ಅವ್ವ ಇರುವುದು ಚಿತ್ರದುರ್ಗದಲ್ಲಿ, ನಾನಿರುವುದು ದಾವಣಗೆರೆಯಲ್ಲಿ. ಮೊಣಕಾಲು ನೋವಿಗೆ ಇಲ್ಲಿನ ಡಾಕ್ಟರಿಗೆ ತೋರಿಸಲು ಹದಿನೈದು ದಿನಕ್ಕೊಮ್ಮೆ ಕರೆದುಕೊಂಡು ಬಂದು ಮತ್ತೆ ಬಿಟ್ಟು ಬರಬೇಕು. ಹಳೇ ಮ್ಯಾನುಯಲ್ ಗಾಡಿಯಲ್ಲಿ ಭರಮಸಾಗರ ಬರುವಷ್ಟರಲ್ಲಿ ಒಂದು ಸಲವಾದರೂ ನಿಲ್ಲಿಸಲೇಬೇಕಿತ್ತು. ನಾನು ಕ್ಲಚ್ ಬಿಡುವಾಗಿನ ಆ ಸಣ್ಣ ಜಗ್ಗು, ಹಂಪ್ ದಾಟಿ ಸೆಕೆಂಡ್ ಗೇರಿಗೆ ಹಾಕುವಾಗಿನ ತೂಗು, ಇವೇ ಆಕೆಯ ಹೊಟ್ಟೆಯನ್ನು ಕಲಕುತ್ತಿದ್ದವು.

2018ರ ಕೊನೆಗೆ ಈ ಸಿವಿಟಿ ಗಾಡಿ ತೆಗೆದುಕೊಂಡೆ. ಸಿವಿಟಿ ಅಂದರೆ ಕ್ಲಚ್ ತುಳಿದು ಗೇರ್ ಹಾಕುವ ಕೆಲಸವಿಲ್ಲದ ಒಂದು ಬಗೆಯ ಆಟೋಮ್ಯಾಟಿಕ್. 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಉಳಿದ ವಿವರ ಎಲ್ಲರಿಗೂ ಗೊತ್ತಿರುವಂಥದ್ದೇ, ಬಿಡಿ. ಮ್ಯಾನುಯಲ್‌ಗಿಂತ ಒಂದು ಲಕ್ಷದ ಹತ್ತಿರ ಹೆಚ್ಚು ಕೊಟ್ಟಿದ್ದೆ, ಸಾಲದ ಕಂತೂ ಅದಕ್ಕೆ ತಕ್ಕಂತೆ ಏರಿತ್ತು. ಮೊದಲ ಸಲ ಅವ್ವನನ್ನು ಕೂರಿಸಿಕೊಂಡು ದುರ್ಗ ಬಿಟ್ಟು, ಗುಡ್ಡದ ಮೇಲಿನ ಗಾಳಿಯಂತ್ರಗಳು ಹಿಂದೆ ಸರಿದು, ಹೈವೇಗೆ ಬಂದು ಸ್ವಲ್ಪ ಹೊತ್ತಾಗಿತ್ತು. ಪಕ್ಕದಲ್ಲಿ ಸದ್ದೇ ಇಲ್ಲ. ತಿರುಗಿ ನೋಡಿದರೆ ಅವ್ವ ಬಾಯಿ ತೆರೆದು ನಿದ್ದೆ ಹೋಗಿದ್ದಳು. ನಿಂಬೆಹಣ್ಣು ಮಡಿಲಿಂದ ಜಾರಿ ಕಾಲ ಹತ್ತಿರ ಬಿದ್ದಿತ್ತು. ಹೆಬ್ಬಾಳು ಟೋಲ್‌ನಲ್ಲಿ ನಿಂತಾಗಲೂ ಏಳಲಿಲ್ಲ. ಕೊಟ್ಟ ಆ ಲಕ್ಷ ಅವತ್ತೇ ವಸೂಲಾಯಿತು ಅಂತ ನನಗನ್ನಿಸಿತು.

ಸಿವಿಟಿಯಲ್ಲಿ ಗೇರ್ ಅನ್ನುವ ಮೆಟ್ಟಿಲುಗಳೇ ಇಲ್ಲ, ಹಾಗಾಗಿ ಮೆಟ್ಟಿಲು ದಾಟುವಾಗಿನ ಜಗ್ಗೂ ಇಲ್ಲ. ಇದನ್ನು ನನಗೆ ಚೆನ್ನಾಗಿ ಬಿಡಿಸಿ ಹೇಳಿದ್ದು ಕಾರ್ ಶೋರೂಮಿನವರಲ್ಲ, ಅಪ್ಪನ ಕಾಲದಿಂದ ನಮ್ಮ ಸ್ಕೂಟರ್ ನೋಡುವ ಮೆಕ್ಯಾನಿಕ್. ನಾವೆಲ್ಲ ಚಾಚಾ ಅಂತಲೇ ಕರೆಯುವುದು. 1984ರಲ್ಲಿ ನಮ್ಮ ದೇಶಕ್ಕೆ ಬಂದ ಗೇರಿಲ್ಲದ ಸ್ಕೂಟರ್ ಕೈನೆಟಿಕ್ ಹೋಂಡಾ ಅಪ್ಪನ ಹತ್ತಿರವೂ ಒಂದಿತ್ತು. "ಅದೇ ಸಾಮಾನು ನೋಡಮ್ಮಾ, ಇದು ದೊಡ್ಡದು ಅಷ್ಟೆ" ಎಂದು ಚಾಚಾ ಒಂದು ಸ್ಕೂಟರಿನ ಪಕ್ಕದ ಮುಚ್ಚಳ ಬಿಚ್ಚಿ ತೋರಿಸಿದರು. ಎರಡು ಪುಲಿ, ನಡುವೆ ಒಂದು ಬೆಲ್ಟ್. ಒಂದೊಂದು ಪುಲಿಯೂ ಎದುರುಬದುರು ಇಟ್ಟ ಎರಡು ತಟ್ಟೆಯ ಹಾಗೆ. ತಟ್ಟೆಗಳು ಹತ್ತಿರ ಬಂದರೆ ಬೆಲ್ಟ್ ಅಂಚಿನ ಕಡೆ ಏರುತ್ತದೆ, ದೂರ ಸರಿದರೆ ಒಳಗೆ ಇಳಿಯುತ್ತದೆ. ಎಂಜಿನ್ ಕಡೆಯ ಪುಲಿಯಲ್ಲಿ ಬೆಲ್ಟ್ ಒಳಗಿದ್ದು ಚಕ್ರದ ಕಡೆ ಹೊರಗಿದ್ದರೆ ಫಸ್ಟ್ ಗೇರಿನಷ್ಟು ಎಳೆತ. ಅದು ತಿರುಗುಮುರುಗಾದರೆ ಟಾಪ್ ಗೇರಿನ ಓಟ. ಇವೆರಡರ ನಡುವೆ ಎಲ್ಲಿ ಬೇಕಾದರೂ ನಿಲ್ಲಬಹುದು. ನೆದರ್‌ಲ್ಯಾಂಡ್ಸ್‌ನ ಡಾಫ್ ಕಂಪನಿ 1958ರಲ್ಲೇ ರಬ್ಬರ್ ಬೆಲ್ಟ್ ಹಾಕಿ ಇಂಥ ಕಾರು ತಂದಿತ್ತಂತೆ. ಈಗಿನ ಕಾರುಗಳಲ್ಲಿ ರಬ್ಬರಿನ ಜಾಗಕ್ಕೆ ಉಕ್ಕು ಬಂದಿದೆ: ತೆಳ್ಳನೆಯ ಉಕ್ಕಿನ ಪಟ್ಟಿಗಳಿಗೆ ನೂರಾರು ಪುಟ್ಟ ಉಕ್ಕಿನ ಬಿಲ್ಲೆಗಳನ್ನು ಪೋಣಿಸಿದ ಬೆಲ್ಟ್. ಪುಲಿಯ ತಟ್ಟೆಗಳನ್ನು ಒತ್ತಿ ಹಿಡಿಯುವುದು ಆಯಿಲಿನ ಒತ್ತಡ.

ಈ ಆಯಿಲ್ ವಿಷಯಕ್ಕೆ ಬರುತ್ತೇನೆ. ನಾನು ಇಷ್ಟೆಲ್ಲ ಬರೆಯಲು ಕೂತಿದ್ದೇ ಅದರಿಂದ.

ಅದಕ್ಕೆ ಮೊದಲು ಓಡಿಸುವ ಬಗ್ಗೆ ಒಂದು ಮಾತು. ಆಕ್ಸಿಲರೇಟರ್ ಒಮ್ಮೆಲೇ ಒತ್ತಿದರೆ ಎಂಜಿನ್ ಮೊದಲು ಕೂಗುತ್ತದೆ, ವೇಗ ಆಮೇಲೆ ಬರುತ್ತದೆ. ಹೈವೇಯ ಏರಿನಲ್ಲಿ ಲಾರಿ ದಾಟುವಾಗ ಮೊದಮೊದಲು ಹೆದರಿಕೆಯಾಗುತ್ತಿತ್ತು. ಈಗ ಲಾರಿಯ ಹಿಂದೆ ಇರುವಾಗಲೇ ನಿಧಾನವಾಗಿ ಕಾಲು ಒತ್ತುತ್ತಾ ಬಂದು, ವೇಗ ಕೂಡಿದ ಮೇಲೆ ಪಕ್ಕದ ಲೇನಿಗೆ ಬರುತ್ತೇನೆ. ಕಾಲು ಮೆತ್ತಗಿದ್ದರೆ ಈ ಗಾಡಿಯಷ್ಟು ಒಳ್ಳೆಯ ಗಾಡಿ ಇಲ್ಲ. ನುಗ್ಗಿಸಿ ಓಡಿಸುವವರಿಗೆ ಇದು ಹಿಡಿಸುವುದಿಲ್ಲ, ಅವರು ಬೇರೆಯದನ್ನೇ ನೋಡಲಿ. ಮೈಲೇಜ್ ನನಗೆ ಊರೊಳಗೆ 12, ಹೈವೇಯಲ್ಲಿ 17 ಸಿಗುತ್ತದೆ.

ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೇಲೆ ಎಂಜಿನ್ ಸದ್ದು ಇಳಿದು ಸಮವಾಗುವ ತನಕ ಅರ್ಧ ನಿಮಿಷ ಕಾಯುತ್ತೇನೆ. ಬ್ರೇಕ್ ಮೇಲೆ ಕಾಲಿಟ್ಟು 'ಆರ್'ಗೆ (ರಿವರ್ಸ್) ಹಾಕಿ, ಗಾಡಿ ಒಳಗೆ ಮೆಲ್ಲನೆ ಹಿಡಿದುಕೊಂಡದ್ದು ಸೀಟಿಗೆ ತಿಳಿದ ಮೇಲೇ ಬ್ರೇಕ್ ಬಿಡುವುದು. ಗಾಡಿ ಹಿಂದಕ್ಕೆ ಉರುಳುತ್ತಿರುವಾಗ 'ಡಿ'ಗೆ (ಮುಂದಕ್ಕೆ ಓಡಿಸುವ ಡ್ರೈವ್) ಎಳೆಯುವುದಿಲ್ಲ, ಪೂರ್ತಿ ನಿಲ್ಲಬೇಕು. ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟಿನಲ್ಲಿ ಎಷ್ಟು ಹೊತ್ತು ಕಾದಿದ್ದೇನೋ ಲೆಕ್ಕವಿಲ್ಲ. ಅಲ್ಲಿ 'ಎನ್'ಗೆ (ನ್ಯೂಟ್ರಲ್) ಹಾಕಿ ಹ್ಯಾಂಡ್‌ಬ್ರೇಕ್ ಎಳೆದು ಕೂರುತ್ತಿದ್ದೆ. ಸಾಲು ಹರಿಯತೊಡಗಿದರೆ ಮತ್ತೆ 'ಡಿ'ಗೆ ಹಾಕಿ ಬ್ರೇಕ್ ಸ್ವಲ್ಪ ಸಡಿಲಿಸಿದರೆ ಸಾಕು, ಗಾಡಿ ತಾನೇ ಇರುವೆಯ ಹಾಗೆ ಮುಂದೆ ಸಾಗುತ್ತದೆ. ನಿಲ್ಲಿಸುವಾಗ ನೇರವಾಗಿ 'ಪಿ'ಗೆ (ಪಾರ್ಕಿಂಗ್) ಹಾಕಬೇಡಿ. ಮೊದಲು 'ಎನ್', ಆಮೇಲೆ ಹ್ಯಾಂಡ್‌ಬ್ರೇಕ್, ಕಾಲು ಬಿಟ್ಟು ಗಾಡಿಯ ಭಾರ ಹ್ಯಾಂಡ್‌ಬ್ರೇಕ್ ಮೇಲೆ ಕೂತ ಮೇಲೆ 'ಪಿ'. ಇಲ್ಲದಿದ್ದರೆ ಇಳಿಜಾರಿನಲ್ಲಿ ಇಡೀ ಗಾಡಿಯ ಭಾರ ಗೇರ್‌ಬಾಕ್ಸಿನ ಒಂದು ಸಣ್ಣ ಕೊಂಡಿಗೆ ಬೀಳುತ್ತದೆ. ಅವ್ವನ ಮನೆ ಮುಂದೆ ಇಳಿಜಾರೇ ಇರುವುದರಿಂದ ಇದು ನನಗೆ ಕೈಗೆ ಹತ್ತಿದೆ. ದುರ್ಗದ ಹತ್ತಿರದ ಜೋಗಿಮಟ್ಟಿ ಗುಡ್ಡಕ್ಕೆ ಹೋಗಿದ್ದಾಗ ಇಳಿಯುವ ದಾರಿಯಲ್ಲಿ 'ಎಲ್'ಗೆ (ಲೋ) ಹಾಕಿದೆ, ಎಂಜಿನ್ನೇ ಗಾಡಿಯನ್ನು ಹಿಡಿದು ಇಳಿಸಿತು, ಬ್ರೇಕ್ ಬಿಸಿಯಾಗಲಿಲ್ಲ.

2023ರ ಬೇಸಿಗೆ. ಮೀಟರ್ 52,000 ತೋರಿಸುತ್ತಿತ್ತು. ಭರಮಸಾಗರದ ಸರ್ವಿಸ್ ರಸ್ತೆಯಲ್ಲಿ ಹಂಪ್ ದಾಟಿ ನಿಧಾನಕ್ಕೆ ಮುಂದೆ ಹೋಗುತ್ತಿದ್ದಾಗ ಅವ್ವ ಕಣ್ಣು ಬಿಟ್ಟಳು. "ಯಾಕವ್ವಾ, ಗಾಡಿ ಹಿಂಗ್ ನಡುಗ್ತೈತಿ?" ಅಂದಳು. ನನಗೇನೂ ಗೊತ್ತಾಗಿರಲಿಲ್ಲ. ಮರುದಿನದಿಂದ ಗಮನ ಕೊಟ್ಟೆ. ನಿಜ, 20ರಿಂದ 40ರ ವೇಗದ ನಡುವೆ, ಹಗುರವಾಗಿ ಕಾಲಿಟ್ಟಾಗ ಮಾತ್ರ, ಉಬ್ಬುತಗ್ಗಿನ ಮೇಲೆ ಹೋದ ಹಾಗೆ ಸಣ್ಣ ನಡುಕ. ಮೂರು ವಾರದಲ್ಲಿ ಅದು ಕೈಗೂ ತಿಳಿಯುವಷ್ಟಾಯಿತು. ಅವ್ವನ ಕೈಗೆ ನಿಂಬೆಹಣ್ಣು ಮತ್ತೆ ಬಂತು.

ಸರ್ವಿಸ್ ಸೆಂಟರಿನಲ್ಲಿ ಹೇಳಿದೆ. ಗೇರ್ ಆಯಿಲ್ ಬದಲಿಸಬೇಕೇ ಅಂತಲೂ ಕೇಳಿದೆ. "ಅದು ಲೈಫ್‌ಟೈಮ್ ಆಯಿಲ್ ಮೇಡಂ, ಮುಟ್ಟೋ ಹಾಗಿಲ್ಲ" ಎಂದು ಗಾಡಿ ತೊಳೆದು ಕೊಟ್ಟರು. ಎರಡನೇ ಸಲ ಹೋದಾಗ ಇಡೀ ಗೇರ್‌ಬಾಕ್ಸ್ ಬದಲಿಸಬೇಕು ಎಂದು ಲಕ್ಷ ದಾಟಿದ ಎಸ್ಟಿಮೇಟ್ ಕೈಗಿಟ್ಟರು. ಆ ಕಾಗದ ಹಿಡಿದು ಮನೆಗೆ ಬಂದು ಕೂತಾಗ ನನಗೆ ಅಳುವೇ ಬಂದಿತ್ತು. ಎಂಟು ತಿಂಗಳ ಕಂತಿನ ದುಡ್ಡದು. ರಾತ್ರಿ ಡ್ಯಾಶ್‌ಬೋರ್ಡಿನ ಡಬ್ಬಿಯಿಂದ ಗಾಡಿಯ ಪುಸ್ತಕ ತೆಗೆದು ಸರ್ವಿಸ್ ಪಟ್ಟಿ ನೋಡಿದೆ. ಅಲ್ಲಿ ಅಚ್ಚಾಗಿತ್ತು: ಟ್ರಾನ್ಸ್‌ಮಿಷನ್ ಫ್ಲೂಯಿಡ್ (ಅದೇ ಗೇರ್ ಆಯಿಲ್) ಬದಲಿಸುವುದು, 40,000 ಕಿ.ಮೀ. ಯಾವ ಆಯಿಲ್ ಅನ್ನುವುದೂ ಬರೆದಿತ್ತು. ವರ್ಷ ವರ್ಷ ದುಡ್ಡು ತೆತ್ತು ಸರ್ವಿಸ್ ಮಾಡಿಸಿದವಳು ನಾನು. ಆ ಒಂದು ಸಾಲನ್ನು ಅವರು ಓದಿರಲಿಲ್ಲ. ಆ ಸಿಟ್ಟು ನನಗಿನ್ನೂ ಹೋಗಿಲ್ಲ.

ಚಾಚಾ ಹೇಳಿದ ಹರಿಹರ ರಸ್ತೆಯ ಗ್ಯಾರೇಜಿಗೆ ಹೋದೆ. ಹುಡುಗ ಮಾಮೂಲಿ ಆಟೋಮ್ಯಾಟಿಕ್ ಗೇರಿನ ಆಯಿಲ್ ಡಬ್ಬಿ ತಂದ. ಬೇಡ ಎಂದೆ. ಸಿವಿಟಿಯ ಆಯಿಲಿಗೆ ಎರಡು ಕೆಲಸ, ಒಂದಕ್ಕೊಂದು ವಿರುದ್ಧ: ಉಕ್ಕು ಉಕ್ಕಿಗೆ ಉಜ್ಜಿ ಸವೆಯದಂತೆ ನೋಡಿಕೊಳ್ಳಬೇಕು, ಆದರೆ ಬೆಲ್ಟ್ ಪುಲಿಯ ಮೇಲೆ ಜಾರಲೂಬಾರದು. ಬೇರೆ ಆಯಿಲ್ ಹಾಕಿದರೆ ಬೆಲ್ಟ್ ಜಾರಿ ಪುಲಿಯ ಮೈ ಗೀರುತ್ತದೆ, ಆಗ ನಿಜಕ್ಕೂ ಗೇರ್‌ಬಾಕ್ಸ್ ಹೋಗುತ್ತದೆ. ಪುಸ್ತಕದಲ್ಲಿದ್ದದ್ದೇ ಬೇಕು ಎಂದು ಬೆಂಗಳೂರಿನಿಂದ ತರಿಸಲು ಎರಡು ದಿನ ಕಾದೆ.

ಡ್ರೈನ್ ಬೋಲ್ಟ್ ಬಿಚ್ಚಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಹೊಸ ಆಯಿಲ್ ತಿಳಿ ಹಸಿರು. ಇಳಿದದ್ದು ಕರಿ ಕಾಫಿಯ ಬಣ್ಣ, ಸುಟ್ಟ ವಾಸನೆ. ಬೋಲ್ಟಿನ ತುದಿಯ ಮ್ಯಾಗ್ನೆಟ್ಟಿಗೆ ವಿಭೂತಿಯಷ್ಟು ನಯವಾದ ಬೂದು ಪುಡಿ ಅಂಟಿತ್ತು. ಮೆಕ್ಯಾನಿಕ್ ಅದನ್ನು ಬೆರಳಲ್ಲಿ ಉಜ್ಜಿ ನೋಡಿ, ಚೂರು ಸಿಗದಿದ್ದಕ್ಕೆ ನೆಮ್ಮದಿಯಿಂದ ತಲೆ ಆಡಿಸಿದರು. ಉಕ್ಕಿನ ಚೂರು ಸಿಕ್ಕಿದ್ದರೆ ಬೆಲ್ಟಿಗೆ ಗಾಯವಾಗಿದೆ ಎಂದೇ ಲೆಕ್ಕ, ಆಗ ಆಯಿಲ್ ಬದಲಿಸಿ ಪ್ರಯೋಜನವಿಲ್ಲ. ಒಂದು ಸಲ ಇಳಿಸಿದರೆ ಒಳಗಿನ ಅರ್ಧದಷ್ಟು ಆಯಿಲ್ ಮಾತ್ರ ಬರುತ್ತದೆ, ಉಳಿದದ್ದು ಒಳಗೇ ಇರುತ್ತದೆ. ಅದಕ್ಕೇ ಸಾವಿರ ಕಿ.ಮೀ. ಓಡಿಸಿ ಮತ್ತೊಮ್ಮೆ ಬದಲಿಸಿದೆವು. ಎರಡು ಸಲವೂ ಬೋಲ್ಟಿಗೆ ಹೊಸ ವಾಷರ್. ಮಟ್ಟ ನೋಡಿದ್ದು ಗಾಡಿ ಬಿಸಿಯಾದ ಮೇಲೆ, ಸಮನೆಲದಲ್ಲಿ. ಎಲ್ಲ ಸೇರಿ ಎಂಟು ಸಾವಿರದೊಳಗೆ ಮುಗಿಯಿತು.

ಮೊದಲ ಸಲಕ್ಕೆ ನಡುಕ ಅರ್ಧ ಇಳಿಯಿತು. ಎರಡನೆಯದಾದ ಮೇಲೆ ಅವ್ವನನ್ನು ಕರೆತರಲು ಹೋದೆ. ಏನೂ ಹೇಳದೆ ಕೂರಿಸಿಕೊಂಡೆ. ಭರಮಸಾಗರದ ಅದೇ ಹಂಪ್, ಅದೇ ವೇಗ. ಅವ್ವ ಮಾತಾಡಲಿಲ್ಲ. ಆನಗೋಡು ಬರುವಷ್ಟರಲ್ಲಿ ಆಕೆಯ ತಲೆ ಕಿಟಕಿಗೆ ವಾಲಿತ್ತು.

ಇದಾದ ಮೇಲೆ ಸುಮಾರು 21,000 ಕಿ.ಮೀ. ಓಡಿದೆ, ನಡುಕ ಮತ್ತೆ ಬಂದಿಲ್ಲ. ನಮ್ಮ ಕಡೆಯ ಬಿಸಿಲಿಗೆ, ಊರೊಳಗಿನ ನಿಂತು ಸಾಗುವ ಓಟಕ್ಕೆ ಆಯಿಲ್ ಬೇಗ ಬಿಸಿಯಾಗುವುದರಿಂದ ನಾನು 40,000ದ ತನಕ ಕಾಯುವುದಿಲ್ಲ, 30,000ಕ್ಕೇ ಬದಲಿಸುತ್ತೇನೆ. ಹಳೇ ಸಿವಿಟಿ ಗಾಡಿ ಕೊಳ್ಳುವವರು ಸರ್ವಿಸ್ ಬಿಲ್ಲುಗಳಲ್ಲಿ ಈ ಆಯಿಲ್ ಬದಲಿಸಿದ ಸಾಲು ಇದೆಯೇ ಎಂದು ಹುಡುಕಿ, ಆಮೇಲೆ 20ರಿಂದ 40ರ ವೇಗದಲ್ಲಿ ಹಗುರ ಕಾಲಿನಿಂದ ಓಡಿಸಿ ನೋಡಿ. ಆಗುವುದಾದರೆ ಮನೆಯ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಗಾಡಿ ಕೆಟ್ಟು ನಿಂತರೆ ಮುಂದಿನ ಚಕ್ರ ನೆಲಕ್ಕೆ ತಾಗಿಸಿಕೊಂಡು ಎಳೆಸಬೇಡಿ, ಮೇಲೇರಿಸಿಕೊಂಡು ಹೋಗುವ ಗಾಡಿಯನ್ನೇ ಕರೆಸಿ.

ನನ್ನದರ ಮುಂದಿನ ಆಯಿಲ್ 83,000ಕ್ಕೆ. ಚೀಟಿಯಲ್ಲಿ ಬರೆದು ಗಾಡಿಯ ಪುಸ್ತಕದ ಆ ಪುಟಕ್ಕೇ ಅಂಟಿಸಿದ್ದೇನೆ.