ಲ್ಯಾಮಿನೇಟೋ, ಸಾಗುವಾನಿಯೋ, ಇಂಜಿನಿಯರ್ಡ್ ವುಡ್ಡೋ? ಮಳೆಗಾಲ ಕಂಡ ಮೇಲೆ ಹೇಳುತ್ತಿದ್ದೇನೆ

ಮೊದಲೇ ಹೇಳಿಬಿಡುತ್ತೇನೆ, ಮನೆಯ ನೆಲಕ್ಕೆ ಹಾಕಿಸುವುದಾದರೆ ನನ್ನ ಓಟು, ಪ್ಲೈವುಡ್ ಮೇಲೆ ನಿಜವಾದ ಮರದ ಪದರ ಅಂಟಿಸಿದ ಇಂಜಿನಿಯರ್ಡ್ ವುಡ್‌ಗೆ. ನಮ್ಮ ಮನೆ ತೀರ್ಥಹಳ್ಳಿಯಲ್ಲಿ. ಮಹಡಿಯ ಒಂದು ಕೋಣೆಗೆ ಲ್ಯಾಮಿನೇಟ್ ಹಾಕಿಸಿದೆ, ಅದರಿಂದ ಸಾಕಾಗಿ ಮರುವರ್ಷ ಪಕ್ಕದ ಕೋಣೆಗೆ ಇದನ್ನು ಹಾಕಿಸಿದೆ.

ಲ್ಯಾಮಿನೇಟ್ ಅಂದರೆ ಮರದ ಚಿತ್ರವಿರುವ ಕಾಗದ, ಮೇಲೊಂದು ಗಟ್ಟಿ ಪದರ, ಒಳಗೆ ಮರದ ನಾರು ಒತ್ತಿ ಮಾಡಿದ ಹಲಗೆ. ಮೊಳೆ ಇಲ್ಲ, ಅಂಟಿಲ್ಲ. ಒಂದಕ್ಕೊಂದು ಸಿಕ್ಕಿಸಿ ಫೋಮ್ ಹಾಳೆಯ ಮೇಲೆ ಸುಮ್ನೆ ಕೂರಿಸುತ್ತಾರೆ. 8 ಎಂಎಂನದ್ದು, ಕೂಲಿ ಸೇರಿ ಚದರಡಿಗೆ 130 ರೂಪಾಯಿ ಬಿತ್ತು. ಏಪ್ರಿಲ್‌ನಲ್ಲಿ ಒಂದೇ ದಿನಕ್ಕೆ ಕೆಲಸ ಮುಗಿಯಿತು, ನೋಡಲೂ ಚೆಂದವಿತ್ತು.

ಪುನರ್ವಸು ಮಳೆ ಜೋರಾಯಿತು ನೋಡಿ, ಕೋಣೆಯ ನಡುವೆ ಕಾಲಿಟ್ಟರೆ ನೆಲ ಕುಗ್ಗಿ ಮೇಲೇಳತೊಡಗಿತು. ವಾರ ಕಳೆಯುವುದರೊಳಗೆ ಅಲ್ಲೇ ಉಬ್ಬಿ ನಿಂತಿತು. ಅಂಗಡಿಯವರಿಗೆ ಫೋನ್ ಮಾಡಿದರೆ ‘ನೀರು ಚೆಲ್ಲಿದ್ದೀರಿ’ ಅಂದರು. ಒಂದು ಹನಿಯೂ ಚೆಲ್ಲಿರಲಿಲ್ಲ! ಕೊನೆಗೆ ಊರಿನ ಆಚಾರ್ರನ್ನು ಕರೆದೆ. ಅವರು ಸ್ಕರ್ಟಿಂಗ್, ಅಂದರೆ ಗೋಡೆ ಬುಡದ ಪಟ್ಟಿ, ಕಿತ್ತರು. ಹಲಗೆ ಗೋಡೆಗೆ ಹೇಗೆ ಒತ್ತಿಕೊಂಡಿತ್ತೆಂದರೆ ನಡುವೆ ಉಗುರೂ ತೂರುತ್ತಿರಲಿಲ್ಲ.

ತಪ್ಪು ಇದ್ದದ್ದು ಅಲ್ಲೇ. ಬೇಸಿಗೆಯಲ್ಲಿ ಒಣಗಿದ್ದ ಹಲಗೆ ಮಳೆಗಾಲದ ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಅದಕ್ಕೆಂದೇ ಗೋಡೆ ಪಕ್ಕ ಸುಮಾರು 10 ಎಂಎಂ ಜಾಗ ಬಿಡಬೇಕು. ಹಾಕಿದವರು ಬಿಟ್ಟಿರಲಿಲ್ಲ, ಸ್ಕರ್ಟಿಂಗ್ ಹೊಡೆದ ಮೇಲೆ ಅದು ಯಾರಿಗೂ ಕಾಣುವುದಿಲ್ಲ ಅಲ್ವಾ. ಸಾಲದ್ದಕ್ಕೆ ಇನ್ನೊಂದು ತುದಿಯಲ್ಲಿ ಬಟ್ಟೆ ತುಂಬಿದ ಕಬ್ಬಿಣದ ಬೀರು ಕೂತಿತ್ತು. ಎರಡೂ ಕಡೆ ಜಾಗ ಸಿಗದೆ ನೆಲ ನಡುವೆ ಎದ್ದಿತ್ತು. ಆಚಾರ್ರು ಅಂಚು ಕೊಯ್ದು ಜಾಗ ಮಾಡಿದರು, ಬೀರು ಸರಿಸಿದೆವು, ಎರಡು ದಿನದಲ್ಲಿ ನೆಲ ಕೂತಿತು. ಆದರೆ ನೆಲ ಒರೆಸಿ ಒರೆಸಿ ಸಂದಿನ ಅಂಚು ಸಾಸಿವೆ ಕಾಳಿನಷ್ಟು ಎದ್ದಿದೆ. ಬರಿಗಾಲಿಗೆ ತಾಗುತ್ತದೆ. ಒಣಗಿದ ಮೇಲೂ ಅದು ಇಳಿಯಲಿಲ್ಲ.

ಗಟ್ಟಿ ಸಾಗುವಾನಿ ಕೇಳಿದೆ, ಚದರಡಿಗೆ 850 ಅಂದರು. ನನ್ನ ಕೈಗೆ ಎಟುಕುವುದಲ್ಲ. ಅದಲ್ಲದೆ ಗಟ್ಟಿ ಮರವೂ ಅಗಲಕ್ಕೆ ಹಿಗ್ಗಿ ಕುಗ್ಗುತ್ತದೆ. ಅಜ್ಜನ ಮನೆಯ ಅಟ್ಟದಲ್ಲಿ ಬೇಸಿಗೆ ಬಂದರೆ ಹಲಗೆ ಸಂದಿನಿಂದ ಕೆಳಗಿನ ದೀಪ ಕಾಣುತ್ತಿತ್ತು, ಮಳೆಗಾಲಕ್ಕೆ ಸಂದು ಮುಚ್ಚಿಕೊಳ್ಳುತ್ತಿತ್ತು.

ಎಸ್‌ಪಿಸಿ ಅಂತ ಇನ್ನೊಂದು ನೆಲಹಾಸು ಇದೆ, ನೀರಿಗೆ ಜಗ್ಗುವುದಿಲ್ಲ, ಆದರೆ ಅದು ಕಲ್ಲುಪುಡಿ ಮತ್ತು ಪ್ಲಾಸ್ಟಿಕ್ಕು. ನನಗೆ ಬೇಕಿದ್ದದ್ದು ಮರ.

ಇಂಜಿನಿಯರ್ಡ್ ವುಡ್‌ನಲ್ಲಿ ನಾನು ತಂದದ್ದು 14 ಎಂಎಂ, ಮೇಲಿನ 3 ಎಂಎಂ ನಿಜವಾದ ಸಾಗುವಾನಿ, ಕೆಳಗೆ ಪ್ಲೈವುಡ್ ಪದರಗಳು. ಒಂದು ಪದರದ ನಾರು ಉದ್ದಕ್ಕಿದ್ದರೆ ಮುಂದಿನದು ಅಡ್ಡಕ್ಕೆ, ಒಂದನ್ನೊಂದು ಹಿಡಿದುಕೊಳ್ಳುವುದರಿಂದ ಹಿಗ್ಗುವುದು ಕಡಿಮೆ. ಎರಡು ಮಳೆಗಾಲ ದಾಟಿತು, ಒಂದು ಹಲಗೆಯೂ ಕದಲಿಲ್ಲ. ಕುರ್ಚಿ ಎಳೆದು ಒಂದು ಗೀರು ಬಿದ್ದಿದೆ. ಒಮ್ಮೆ ಉಜ್ಜಿ ಪಾಲಿಶ್ ಹಾಕಿದರೆ ಹೋಗುತ್ತದೆ. ಲ್ಯಾಮಿನೇಟ್ ಉಜ್ಜಿದರೆ ಉಳಿಯುವುದು ಹರಿದ ಕಾಗದ. ನಡೆದಾಗ ಅದರ ಹಾಗೆ ಟಕ್ ಟಕ್ ಅನ್ನುವುದೂ ಇಲ್ಲ.

ಚದರಡಿಗೆ 390 ಬಿತ್ತು, 120 ಚದರಡಿ ಕೋಣೆಗೆ ಲ್ಯಾಮಿನೇಟ್‌ಗಿಂತ 31,200 ರೂಪಾಯಿ ಜಾಸ್ತಿ. ದೀಪಾವಳಿವರೆಗೆ ಕಾದು ಹಾಕಿಸಿದೆ, ಬೇಸರವಿಲ್ಲ. ದಿನಾ ಬಕೆಟ್ ನೀರಲ್ಲಿ ನೆಲ ಒರೆಸುವ ಮನೆಯಾದರೆ ಇದನ್ನೂ ಹಾಕಿಸಬೇಡಿ. ನಾವು ಆ ಕೋಣೆಗೆ ಮಾತ್ರ ಬಟ್ಟೆ ಚೆನ್ನಾಗಿ ಹಿಂಡಿ, ವಾರಕ್ಕೆರಡು ಸಲ ಒರೆಸುತ್ತೇವೆ.

ಈ ಸಲ ಹಲಗೆ ಹಾಕುವಾಗ ಜಾಗ ಉಳಿಯಲೆಂದು 10 ಎಂಎಂ ಮರದ ತುಂಡುಗಳನ್ನು ನಾನೇ ಗೋಡೆ ಪಕ್ಕ ಇಡಿಸಿದೆ. ನೀವು ಯಾವುದನ್ನೇ ಹಾಕಿಸಿ, ಸ್ಕರ್ಟಿಂಗ್ ಹೊಡೆಯುವ ಮೊದಲು ನಾಲ್ಕೂ ಗೋಡೆಯ ಬುಡದಲ್ಲಿ ಬೆರಳಿಟ್ಟು ನೋಡಿ.