ಕಾರಿಗೆ ಐದು ಸ್ಟಾರ್, ಶೋರೂಮಿಗೆ ಎರಡು

ಮೊದಲೇ ಹೇಳಿಬಿಡುತ್ತೇನೆ, ಶೋರೂಮಿನ ಹೆಸರು ಬರೆಯುವುದಿಲ್ಲ. ಕಾರಿನ ಹೆಸರೂ ಇಲ್ಲ. ನಮ್ಮ ಬಳ್ಳಾರಿಯಲ್ಲಿ ಆ ಕಂಪನಿಯ ಶೋರೂಮ್ ಇಲ್ಲ, ಸುತ್ತಮುತ್ತ ಇರುವುದೇ ಒಂದು, ಕಾರು ಯಾವುದು ಅಂದರೆ ಅಂಗಡಿ ಯಾವುದು ಅಂತ ಗೊತ್ತಾಗಿಬಿಡುತ್ತದೆ. ಮಾಮೂಲಿ ಕಾರೊಂದರ ಜೋರಾಗಿ ಓಡುವ ಅವತಾರ ಅಂದುಕೊಳ್ಳಿ. ಟರ್ಬೊ ಪೆಟ್ರೋಲ್ ಎಂಜಿನ್, ಗಟ್ಟಿ ಸಸ್ಪೆನ್ಷನ್, ಅಗಲ ಟೈರು, ಎಕ್ಸ್ ಶೋರೂಮ್ ಬೆಲೆ ಇಪ್ಪತ್ತು ಲಕ್ಷದ ಮೇಲೆ. ನಮ್ಮ ಭಾಗಕ್ಕೆ ಬಂದದ್ದು ನಾಲ್ಕೇ ಗಾಡಿ ಅಂತ ಅವರು ಹೇಳಿದರು.

ಇಂಥ ಕಾರು ಕಡಿಮೆ ಬರುವುದು ಹೊಸದೇನಲ್ಲ. 2020ರಲ್ಲಿ ಸ್ಕೋಡಾದ ಆಕ್ಟೇವಿಯಾ ಆರ್‌ಎಸ್ 245 ಬಂದಾಗ ಇಡೀ ದೇಶಕ್ಕೆ 200 ಗಾಡಿ. 2025ರಲ್ಲಿ ಹೊಸ ಆರ್‌ಎಸ್ ಬಂತು, 49.99 ಲಕ್ಷ, ಬರೀ 100 ಗಾಡಿ, ಎಲ್ಲಾ ಖಾಲಿ. ಅದೇ ವರ್ಷ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಮೊದಲ ಕಂತಿನ 150 ಗಾಡಿ, ಬೆಲೆ ಎಷ್ಟು ಅಂತ ಹೇಳುವ ಮೊದಲೇ ಬುಕ್ ಆಗಿಹೋಗಿದ್ದವು. ಇವೆಲ್ಲ ಹೊರದೇಶದಿಂದ ಪೂರ್ತಿ ಕಟ್ಟಿದ ಗಾಡಿಯಾಗಿಯೇ ಬರುತ್ತವೆ. ಇಲ್ಲಿ ಮತ್ತೆ ಟೆಸ್ಟ್ ಮಾಡಿಸದೆ ಒಂದು ಕಂಪನಿ ವರ್ಷಕ್ಕೆ 2,500 ಗಾಡಿಯವರೆಗೆ ತರಬಹುದು ಅಂತ ನಿಯಮ ಇದೆ, ಆಮದು ಸುಂಕವೂ ಜೋರು, ಹಾಗಾಗಿ ಕಂಪನಿಗಳು ಸ್ವಲ್ಪ ತಂದು ಕೈತೊಳೆದುಕೊಳ್ಳುತ್ತವೆ. ಆದರೆ ಇನ್ನೊಂದು ನೆನಪಿಡಿ. 2016ರಲ್ಲಿ ಅದೇ ಫೋಕ್ಸ್‌ವ್ಯಾಗನ್‌ನ ಪೋಲೊ ಜಿಟಿಐ ಬಂದಾಗಲೂ 99 ಗಾಡಿ ಅಷ್ಟೇ ಅಂದಿದ್ದರು, ಬೆಲೆ ಸುಮಾರು 26 ಲಕ್ಷ. ತಗೊಳ್ಳುವವರು ಸಿಗಲಿಲ್ಲ, ಆಮೇಲೆ 20 ಲಕ್ಷದ ಹತ್ತಿರಕ್ಕೆ ಇಳಿಸಿದರು. ಕಡಿಮೆ ಇದೆ ಅನ್ನುವುದು ಬೇರೆ, ಜನ ಮುಗಿಬಿದ್ದಿದ್ದಾರೆ ಅನ್ನುವುದು ಬೇರೆ. ಶೋರೂಮಿನವರು ಇವೆರಡನ್ನೂ ಒಂದೇ ಉಸಿರಲ್ಲಿ ಹೇಳುತ್ತಾರೆ.

ನಾನು ಜೀನ್ಸ್ ಹೊಲಿಸುವವನು. ಅಹಮದಾಬಾದಿನಿಂದ ಡೆನಿಮ್ ಬರುವುದು ತಡವಾದರೆ ಮೀಟರಿಗೆ ರೇಟು ಏರುತ್ತದೆ, ನಾನೂ ನನ್ನ ಪಾರ್ಟಿಗೆ ಏರಿಸಿ ಹೇಳುತ್ತೇನೆ. "ಮಾಲಿಲ್ಲ, ಇವತ್ತಿನ ರೇಟು ಇಷ್ಟು, ಬೇಕಿದ್ದರೆ ತಗೊಳ್ಳಿ." ಹಾಗಾಗಿ ಮಾಲು ಕಡಿಮೆ ಇದ್ದಾಗ ರೇಟು ಜಾಸ್ತಿ ಕೇಳಿದರು ಅಂತ ನನಗೆ ಸಿಟ್ಟಿಲ್ಲ. ಸಿಟ್ಟು ಬಂದದ್ದು ಆ ಜಾಸ್ತಿಗೆ ಅವರು ಇಟ್ಟ ಹೆಸರುಗಳಿಗೆ.

ಮೊದಲ ದಿನ ಸೇಲ್ಸ್ ಹುಡುಗ ಚೆನ್ನಾಗೇ ಮಾತಾಡಿಸಿದ. ಯಾವ ಊರು ಸರ್ ಅಂದ. ಬಳ್ಳಾರಿ ಅಂದೆ. ಅಷ್ಟೇ, ಒಳಗಿಂದ ಮ್ಯಾನೇಜರೇ ಎದ್ದುಬಂದರು, ಟೀ ಹೋಗಿ ಬಾದಾಮಿ ಹಾಲು ಬಂತು. ಸುಪ್ರೀಂ ಕೋರ್ಟ್ ನಮ್ಮ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದ್ದು 2011ರಲ್ಲಿ. ಅದಕ್ಕೂ ಮುಂಚಿನ ನಾಲ್ಕೈದು ವರ್ಷದ ಬಳ್ಳಾರಿಯನ್ನು ಇವರಿನ್ನೂ ಮರೆತಿಲ್ಲ. ನಮ್ಮೂರಲ್ಲಿ ಎಲ್ಲರ ಹಿತ್ತಲಲ್ಲೂ ಅದಿರು ಇದೆ ಅಂದುಕೊಂಡಿದ್ದಾರೆ. "ನಿಮಗೆ ಒಂದೆರಡು ಲಕ್ಷ ಯಾವ ಲೆಕ್ಕ ಸರ್" ಅಂತ ನಗುತ್ತಾ ಹೇಳಿದರು ಮ್ಯಾನೇಜರು. ನನ್ನ ಹತ್ತಿರ ಇರುವುದು ಹೊಲಿಗೆ ಮಷೀನು ಸ್ವಾಮಿ, ಜೆಸಿಬಿ ಅಲ್ಲ.

ಕೊಟೇಶನ್ ಕೊಟ್ಟರು. ಎಕ್ಸ್ ಶೋರೂಮ್ ಬೆಲೆ ಕಂಪನಿ ಹೇಳಿದ್ದೇ, ಒಂದು ರೂಪಾಯಿ ಹೆಚ್ಚಿಲ್ಲ. ಅದರ ಕೆಳಗೆ ಶುರು. ಲಾಜಿಸ್ಟಿಕ್ಸ್ ಚಾರ್ಜ್ 22,000. ಎಸೆನ್ಷಿಯಲ್ ಕಿಟ್ 38,500. ಸೆರಾಮಿಕ್ ಕೋಟಿಂಗ್ 45,000, "ನಿಮ್ಮೂರ ಕೆಂಪು ಧೂಳಿಗೆ ಬೇಕೇ ಬೇಕು ಸರ್". ಸ್ಪೋರ್ಟ್ ಆಕ್ಸೆಸರಿ ಪ್ಯಾಕ್ 94,500. ಕಿಟ್ಟಿನಲ್ಲಿ ಏನಿದೆ ಅಂದರೆ ಕಾಲೊರೆಸುವ ಮ್ಯಾಟು, ಮಡ್ ಫ್ಲಾಪು, ಒಂದು ಕವರ್, ಒಂದು ಪರ್ಫ್ಯೂಮ್ ಬಾಟ್ಲಿ. ಎಲ್ಲವೂ ಕಡ್ಡಾಯ. ಬೇಡ ಅಂದರೆ ಗಾಡಿ ಇಲ್ಲ.

ಊರಿಗೆ ಬಂದು ರಾತ್ರಿ ಊಟ ಮಾಡಿ ಕ್ಯಾಲ್ಕುಲೇಟರ್ ಹಿಡಿದು ಕೂತೆ. ಆ ನಾಲ್ಕನ್ನೂ ಕೂಡಿಸಿದರೆ ಸರಿಯಾಗಿ ಎರಡು ಲಕ್ಷ! ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆ ಇಲ್ಲ. ಇಪ್ಪತ್ತು ವರ್ಷ ಬಿಲ್ಲು ಬರೆದಿದ್ದೇನೆ, ನಿಜವಾದ ಸಾಮಾನಿನ ಲೆಕ್ಕ ಯಾವತ್ತೂ ಹೀಗೆ ದುಂಡಗೆ ಬರುವುದಿಲ್ಲ. ಎರಡು ಲಕ್ಷ ಎತ್ತಬೇಕು ಅಂತ ಮೊದಲು ತೀರ್ಮಾನ ಮಾಡಿ, ಆಮೇಲೆ ಅದಕ್ಕೆ ಮ್ಯಾಟು, ಕೋಟಿಂಗು ಅಂತ ಅಂಗಿ ತೊಡಿಸಿದ್ದಾರೆ. ಅಮೆರಿಕದಲ್ಲಿರುವ ನನ್ನ ಅಕ್ಕನ ಮಗ ಹೇಳುತ್ತಾನೆ, ಅಲ್ಲಿ ಇಂಥ ಕಾರುಗಳಿಗೆ ಡೀಲರು ಕಂಪನಿ ಬೆಲೆಯ ಚೀಟಿ ಪಕ್ಕದಲ್ಲೇ "ಮಾರ್ಕೆಟ್ ಅಡ್ಜಸ್ಟ್‌ಮೆಂಟ್" ಅಂತ ಇನ್ನೊಂದು ಚೀಟಿ ಅಂಟಿಸಿ ಸಾವಿರಗಟ್ಟಲೆ ಡಾಲರ್ ಕೇಳುತ್ತಾನಂತೆ. ಅದೂ ಸುಲಿಗೆಯೇ, ಆದರೆ ಸುಲಿಗೆ ಅಂತ ಕಾಣುತ್ತದಲ್ವಾ.

ಇನ್ಶೂರೆನ್ಸ್ ಇನ್ನೊಂದು ಕತೆ. ಅವರ ರೇಟು 1,12,000, ನಾನೇ ನೋಡಿದಾಗ ಹೆಚ್ಚುಕಡಿಮೆ ಅದೇ ಕವರ್ 79,000. ಪಾಲಿಸಿಯನ್ನು ಎಲ್ಲಿಂದ ಬೇಕಾದರೂ ತಗೊಳ್ಳಬಹುದು, ಶೋರೂಮಿನದ್ದೇ ಆಗಬೇಕು ಅನ್ನುವ ಹಾಗಿಲ್ಲ. ಆದರೆ ಪಾಲಿಸಿ ಮಾಡಿಸಲು ಚಾಸಿ ನಂಬರ್ ಬೇಕು, ಅದು ಅವರ ಕೈಯಲ್ಲಿದೆ. ಪೂರ್ತಿ ದುಡ್ಡು ಕಟ್ಟಿ, ಆಮೇಲೆ ಕೊಡುತ್ತೇವೆ ಅಂದರು. ಪೂರ್ತಿ ದುಡ್ಡು ಕಟ್ಟಿದ ಮೇಲೆ ನಮ್ಮ ಮಾತು ಯಾರು ಕೇಳುತ್ತಾರೆ? ಸರ್ಕಾರದ ಪಾಲು ಮಾತ್ರ ಕಣ್ಣಿಗೆ ಕಾಣುವ ಹಾಗೆ ಇದೆ. ಇಪ್ಪತ್ತು ಲಕ್ಷ ದಾಟಿದ ಕಾರಿಗೆ ರಸ್ತೆ ತೆರಿಗೆ ಶೇ 18, ಅದರ ಮೇಲೆ ಸೆಸ್, ಹತ್ತಿರ ಹತ್ತಿರ ಐದನೇ ಒಂದು ಭಾಗ. ಹೊಟ್ಟೆ ಉರಿಯುತ್ತದೆ, ಆದರೆ ಎಲ್ಲರಿಗೂ ಒಂದೇ ಲೆಕ್ಕ. ಶೇ 1 ಟಿಸಿಎಸ್, ಅಂದರೆ ಮಾರುವಾಗಲೇ ಹಿಡಿಯುವ ಆದಾಯ ತೆರಿಗೆ, ರಿಟರ್ನ್ಸ್ ಹಾಕಿದಾಗ ಲೆಕ್ಕಕ್ಕೆ ಬರುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

"ಒಂದೇ ಗಾಡಿ ಉಳಿದಿದೆ ಸರ್, ಸಂಜೆ ಇನ್ನೊಂದು ಪಾರ್ಟಿ ಬರುತ್ತಿದೆ" ಅಂತ ಮರುದಿನ ಫೋನು. ಮೂರು ದಿನ ಬಿಟ್ಟು ಮತ್ತೆ ಅದೇ ಮಾತು, ಅದೇ ಸಂಜೆಯ ಪಾರ್ಟಿ. ಮನೆಯಲ್ಲಿ ನನ್ನ ಹೆಂಡತಿ "ಪಾಪ ಆ ಪಾರ್ಟಿಗೆ ದಾರಿ ಸಿಗುತ್ತಿಲ್ಲ ಅನ್ನಿಸುತ್ತದೆ ರೀ, ಹೋಗಿ ಕರ್ಕೊಂಡು ಬನ್ನಿ" ಅಂದಳು. ನಾನು ಸುಮ್ಮನಾದೆ. ಸುಲಭ ಇರಲಿಲ್ಲ, ಸುಳ್ಳು ಹೇಳುವುದಿಲ್ಲ, ರಾತ್ರಿ ಮಲಗಿ ಆ ಕಾರಿನ ವಿಡಿಯೊ ನೋಡುತ್ತಿದ್ದೆ.

ಏಳು ವಾರ ಆದ ಮೇಲೆ, ತಿಂಗಳ ಕೊನೆಗೆ, ಮ್ಯಾನೇಜರೇ ಫೋನ್ ಮಾಡಿದರು. ಯಾರೋ ಬುಕಿಂಗ್ ಕ್ಯಾನ್ಸಲ್ ಮಾಡಿದ್ದಾರಂತೆ. ನಾನು ಹೋಗಿ ಗಾಜಿನ ಮೇಲಿನ ಧೂಳು ನೋಡಿದೆ, ಮೊದಲ ದಿನ ನಾನು ಕೂತು ನೋಡಿದ್ದ ಬಿಳಿ ಗಾಡಿಯೇ. ಈ ಸಲ ಕೂತು ಮಾತಾಡಿದ್ದು ಇಪ್ಪತ್ತೇ ನಿಮಿಷ. ಕಿಟ್ ಬೇಡ, ಕೋಟಿಂಗ್ ಬೇಡ, ಪ್ಯಾಕ್ ಬೇಡ, ಲಾಜಿಸ್ಟಿಕ್ಸ್ ಅಂದರೆ ಏನು ಅಂತ ಲೆಟರ್‌ಹೆಡ್ಡಿನಲ್ಲಿ ಬರೆದುಕೊಡಿ, ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ಕೇಳಿ ನೋಡುತ್ತೇನೆ ಅಂದೆ. ಬರೆದುಕೊಡಲಿಲ್ಲ, ತೆಗೆದುಹಾಕಿದರು. ಚಾಸಿ ನಂಬರ್ ಅರ್ಧ ದುಡ್ಡಿಗೇ ಬಂತು. ಕಂಪನಿ ಗಾಡಿಗೆ ಕೊಡುವ ಸರ್ಟಿಫಿಕೇಟು, ಫಾರಂ 22 ಕೂಡ ಕೇಳಿ ನೋಡಿದೆ, ಗಾಡಿ ತಯಾರಾದ ತಿಂಗಳು ಅದರಲ್ಲಿ ಇರುತ್ತದೆ. ನೀವೂ ಕೇಳಿ, ಹಳೆ ಸ್ಟಾಕು ಆಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ನನ್ನದು ಐದು ತಿಂಗಳು ಹಳೆಯದು, ಅದನ್ನೇ ಹಿಡಿದು ಇನ್ನೊಂದು ಹದಿನೈದು ಸಾವಿರ ಇಳಿಸಿದೆ. ಎರಡು ಸ್ಟಾರ್ ಕೊಟ್ಟದ್ದು ಆ ಸೇಲ್ಸ್ ಹುಡುಗನಿಗೆ. ಅವನು ಕೊನೆಗೆ ಗೇಟಿನ ತನಕ ಬಂದು "ಅಣ್ಣಾ, ನೀವು ಕಾದದ್ದು ಒಳ್ಳೇದಾತು" ಅಂತ ಮೆಲ್ಲಗೆ ಹೇಳಿದ.

ಕಾರಿನ ಬಗ್ಗೆ ಏನು ಹೇಳಲಿ. ಹೊಸಪೇಟೆ ರಸ್ತೆಯಲ್ಲಿ ತೋರಣಗಲ್ಲು ಹತ್ತಿರ ಅದಿರು ಲಾರಿಗಳ ಸಾಲು ಇರುತ್ತದೆ, ಅದನ್ನು ದಾಟುವಾಗ ಕಾಲು ಒತ್ತಿದರೆ ಸಾಕು, ಲಾರಿ ಕನ್ನಡಿಯಲ್ಲಿ ಸಣ್ಣದಾಗಿಬಿಡುತ್ತದೆ. ಸ್ಟೀರಿಂಗ್ ಹಿಡಿದರೆ ರಸ್ತೆ ಕೈಗೆ ಸಿಕ್ಕ ಹಾಗೆ. ಊರೊಳಗೆ ಮಾತ್ರ ಹಂಪುಗಳಿಗೆ ಹೊಟ್ಟೆ ತಾಗುತ್ತದೆ, ಹಿಂದಿನ ಸೀಟಲ್ಲಿ ಅಮ್ಮ ಬೈಯುತ್ತಾರೆ, ಏಪ್ರಿಲ್ ಮಧ್ಯಾಹ್ನ ಎಸಿ ಹಾಕಿ ಟ್ರಾಫಿಕ್ಕಿನಲ್ಲಿ ನಿಂತರೆ ಪೆಟ್ರೋಲ್ ಕುಡಿಯುತ್ತದೆ. ಬಿಳಿ ಕಾರು ಒಂದೇ ಟ್ರಿಪ್ಪಿಗೆ ಕೆಂಪಾಗುತ್ತದೆ, ಆ ಮಾತನ್ನು ಮ್ಯಾನೇಜರು ನಿಜವೇ ಹೇಳಿದ್ದರು. ಬಕೆಟ್ಟು ನೀರು ಸಾಕು.

ಮ್ಯಾಟು ನಮ್ಮ ಯೂನಿಟ್ಟಿನಲ್ಲೇ ಹೊಲಿಸಿದೆ. ಉಳಿದ ದಪ್ಪ ಡೆನಿಮ್ಮು, ಕಿತ್ತಳೆ ದಾರದ ಡಬಲ್ ಹೊಲಿಗೆ, ಡ್ರೈವರ್ ಕಡೆಯದಕ್ಕೆ ನಮ್ಮ ಟೈಲರ್ ತಮಾಷೆಗೆ ಒಂದು ಜೇಬು ಕೂಡ ಇಟ್ಟಿದ್ದಾನೆ.