ಹಮಾದ ಶೋಗೊ ಅವರ ಮೂರು ಹಾಡು: ಕಲಿಯಲು ಮೊದಲು ಯಾವುದು?

ಹಮಾದ ಶೋಗೊ ಜಪಾನಿನ ರಾಕ್ ಗಾಯಕ. 1952ರಲ್ಲಿ ಹಿರೋಶಿಮಾ ಪ್ರಾಂತದ ತಾಕೆಹಾರದಲ್ಲಿ ಹುಟ್ಟಿ, 1975ರಲ್ಲಿ 'ಐದೊ' ಬ್ಯಾಂಡಿನ ಡ್ರಮ್ಮರ್ ಆಗಿ ಬೆಳಕಿಗೆ ಬಂದು, ಮರುವರ್ಷದಿಂದ ಒಬ್ಬರೇ ಹಾಡತೊಡಗಿದವರು. ಆದರೆ ಕರಾಓಕೆ (ಯಂತ್ರ ನುಡಿಸುವ ಹಿನ್ನೆಲೆ ಸಂಗೀತಕ್ಕೆ ಹಾಡುವ) ಕೋಣೆಯಲ್ಲಿ ಜನ ಮೈಕ್ ಹಿಡಿದು ಹಾಡಬಯಸುವುದು ಅವರ ನಿಧಾನಗತಿಯ ಹಾಡುಗಳನ್ನೇ. ಅವುಗಳಲ್ಲಿ ಮೂರನ್ನು ಒಂದರ ಪಕ್ಕ ಒಂದಿಟ್ಟು ಹಾಡಿ ನೋಡಿದಾಗ ಕಂಡದ್ದು ಇಲ್ಲಿದೆ: 'ಕತಒಮೊಇ' (ಒಮ್ಮುಖ ಪ್ರೀತಿ), 'ಮೋ ಹಿತೊತ್ಸು ನೊ ದೊಯೋಬಿ' (ಇನ್ನೊಂದು ಶನಿವಾರ), 'ಕನಶಿಮಿ ವ ಯುಕಿ ನೊ ಯೋ ನಿ' (ದುಃಖ ಹಿಮದ ಹಾಗೆ).

ಮೊದಲು ಮೂರಕ್ಕೂ ಸಲ್ಲುವ ಮಾತು. ಜಪಾನಿ ಭಾಷೆ ನಡೆಯುವುದು ಮಾತ್ರೆಯ ಲೆಕ್ಕದಲ್ಲಿ. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು. ಎ-ಏ, ಒ-ಓ ಭೇದವೂ ನಮ್ಮಲ್ಲಿರುವಂತೆಯೇ ಇದೆ. ಹಾಗಾಗಿ ಸಾಹಿತ್ಯವನ್ನು ರೋಮನ್ ಲಿಪಿಯಲ್ಲಿ ಓದುವ ಬದಲು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದು ಲೇಸು. ರೋಮನ್ ಬರಹದಲ್ಲಿ ಎಷ್ಟೋ ಸಲ ದೀರ್ಘದ ಗೆರೆ ಬಿಟ್ಟುಹೋಗಿರುತ್ತದೆ. ಆಗ 'ದೊಯೋಬಿ' ನಾಲ್ಕು ಮಾತ್ರೆಯಿಂದ ಮೂರಕ್ಕೆ ಇಳಿದು, ರಾಗ ಮುಗಿಯುವ ಮೊದಲೇ ಮಾತು ಮುಗಿದುಬಿಡುತ್ತದೆ.

ಕನ್ನಡ ಲಿಪಿಯೂ ಒಂದು ಕಡೆ ಕೈಕೊಡುತ್ತದೆ. 'ಹಿತೊತ್ಸು' ಎಂದು ಬರೆದೊಡನೆ ನಮ್ಮ ಕಣ್ಣಿಗೆ ಒತ್ತಕ್ಷರ ಕಾಣುತ್ತದೆ, ಅದರ ಹಿಂದಿನ 'ತೊ' ಗುರುವಾಗಿಬಿಡುತ್ತದೆ. ಜಪಾನಿಯಲ್ಲಿ 'ತ್ಸು' ಒಂದೇ ಅಕ್ಷರ, ಒಂದೇ ಮಾತ್ರೆ. ಹಿ-ತೊ-ತ್ಸು ಮೂರೂ ಲಘು. ಹಾಳೆಯ ಮೇಲೆ 'ತ್ಸು'ವಿಗೆ ಸುತ್ತು ಹಾಕಿಟ್ಟುಕೊಳ್ಳಿ.

ಕಲಿಯಲು ಮೊದಲು 'ಕತಒಮೊಇ'. 1978ರ 'ಇಲ್ಯೂಮಿನೇಶನ್' ಆಲ್ಬಮ್ಮಿನ ಹಾಡು. ನಿಧಾನಗತಿಯ ಹಾಡುಗಳ 1983ರ ಸಂಗ್ರಹ 'ಸ್ಯಾಂಡ್ ಕ್ಯಾಸಲ್'ನಲ್ಲೂ ಇದೆ. ಕೈಗೂಡದ ಪ್ರೀತಿಯನ್ನು ಮರೆಯಬೇಕೆನ್ನುವವರ ಮಾತು, ಅಷ್ಟೇ. ಸಾಲುಗಳು ಗಿಡ್ಡ, ನಡುವೆ ಉಸಿರಿಗೆ ಜಾಗ ಧಾರಾಳ. ತಪ್ಪುವುದು ಹೆಸರಿನಲ್ಲೇ. ಸ್ವರದ ಪಕ್ಕ ಸ್ವರ ಬಂದರೆ ಕನ್ನಡದ ನಾಲಿಗೆ ಸುಮ್ಮನಿರದು, ಆಗಮಸಂಧಿ ಮಾಡಿ 'ಕತವೊಮೊಯಿ' ಎಂದುಬಿಡುತ್ತದೆ. ಬೇಕಾದ್ದು ಕ-ತ-ಒ-ಮೊ-ಇ ಎಂಬ ಐದು ಬಿಡಿ ಮಾತ್ರೆ. ಮಾತ್ರೆಗೊಂದು ಚಪ್ಪಾಳೆ ಹಾಕಿ ರಾಗವಿಲ್ಲದೆ ಹತ್ತು ಸಲ ಹೇಳಿದರೆ 'ವ'ಕಾರ ತಾನೇ ಉದುರುತ್ತದೆ.

'ಮೋ ಹಿತೊತ್ಸು ನೊ ದೊಯೋಬಿ' ಮೂರರಲ್ಲೂ ಉತ್ತಮ ಹಾಡು, ಅಷ್ಟೇ ಕಷ್ಟದ್ದೂ ಹೌದು. 1986ರ 'ಜೆ.ಬಾಯ್' ಎಂಬ ಎರಡು ತಟ್ಟೆಯ ಆಲ್ಬಮ್ಮಿನಲ್ಲಿದೆ. ಬೇರೊಬ್ಬನ ಕರೆಗಾಗಿ ಕಾದು ಸೋತ ಹುಡುಗಿಗೆ ಅವಳ ಗೆಳೆಯನೊಬ್ಬ ಹೇಳುವ ಮಾತುಗಳು: ಸ್ನೇಹಿತನ ಹಳೇ ಕಾರು ಎರವಲು ತಂದು ಸಮುದ್ರದವರೆಗೆ ಹೋಗೋಣ ಎನ್ನುತ್ತಾನೆ, ಕೊನೆಗೆ ಉಂಗುರ ಮುಂದಿಡುತ್ತಾನೆ. ನಿನ್ನ ಬಾಲ್ಯದ ಕನಸನ್ನೆಲ್ಲ ನನಸು ಮಾಡಲು ನನ್ನಿಂದ ಆಗದಿರಬಹುದು ಎಂದು ಒಪ್ಪಿಕೊಂಡೇ ಕೇಳುವುದರಲ್ಲಿ ಈ ಹಾಡಿನ ಗೆಲುವಿದೆ. ದೊಡ್ಡ ಆಣೆ-ಪ್ರಮಾಣದ ಪ್ರೇಮಗೀತೆಗಳ ನಡುವೆ ಈ ತಗ್ಗಿದ ದನಿ ಬೇರೆಯೇ ನಿಲ್ಲುತ್ತದೆ.

ಕಷ್ಟ ಎಲ್ಲಿ ಎಂದರೆ, ಚರಣ ತಗ್ಗಿನಲ್ಲಿ ಮಾತಿನಂತೆ ಸಾಗಿ ಆಮೇಲೆ ದನಿ ಮೇಲೇರುತ್ತದೆ. ಏರಿಗೆ ಹೆದರಿ ಯಂತ್ರದಲ್ಲಿ ಶ್ರುತಿಯನ್ನು ನಾಲ್ಕೈದು ಅರ್ಧಸ್ವರ ಇಳಿಸಿದರೆ ಮೊದಲ ಸಾಲುಗಳು ಗಂಟಲಲ್ಲೇ ಮುಳುಗುತ್ತವೆ. ಒಂದೊಂದೇ ಅರ್ಧಸ್ವರ ಇಳಿಸುತ್ತ, ಪ್ರತಿ ಸಲವೂ ಅತಿ ತಗ್ಗಿನ ಸಾಲನ್ನು ಹಾಡಿ ನೋಡಿ. ಅದು ಕೇಳಿಸದಾದ ಕಡೆ ನಿಲ್ಲಿಸಿ ಒಂದು ಮೆಟ್ಟಿಲು ಹಿಂದೆ ಬನ್ನಿ. ಎರಡನೆಯ ತಪ್ಪು ಗಮಕ. ಭಾವಗೀತೆ ಹಾಡಿ ಪಳಗಿದವರು ಸಾಲಿನ ಕೊನೆಯ ಸ್ವರವನ್ನು ಬಳುಕಿಸದೆ ಬಿಡುವುದಿಲ್ಲ. ಜಪಾನಿನಲ್ಲಿ ಅಂಥ ಬಳುಕು 'ಎಂಕ' ಎಂಬ ಹಳೆಯ ಧಾಟಿಯ ಭಾವುಕ ಹಾಡುಗಳ ಶೈಲಿಯ ಗುರುತು, ಅದಕ್ಕೆ 'ಕೊಬುಶಿ' ಎಂಬ ಹೆಸರೇ ಇದೆ. ಹಮಾದರ ಹಾಡಿಗೆ ಅದು ಹೊಂದುವುದಿಲ್ಲ. ಸ್ವರವನ್ನು ನೇರ ಹಿಡಿದು ನೇರ ಬಿಡಬೇಕು. ಉಂಗುರದ ಸಾಲನ್ನು ಕೂಗಿದರಂತೂ ಕೆಟ್ಟಿತು.

'ಹಿತೊತ್ಸು'ವಿನ 'ಹಿ' ಜಪಾನಿಯರ ಬಾಯಲ್ಲಿ ಮಾಮೂಲಿ ಮಾತಿನಲ್ಲಿ ಪಿಸುಗುಟ್ಟಿದಂತೆ ಕೇಳುತ್ತದೆ. ಹಾಡುವಾಗ ಅದಕ್ಕೆ ಸ್ವರ ಬಿದ್ದಿದ್ದರೆ ದನಿ ಕೊಡಬೇಕು, ಪಿಸುಮಾತು ರಾಗ ಹೊರುವುದಿಲ್ಲ.

ಮೂರನೆಯದಾದ 'ಕನಶಿಮಿ ವ ಯುಕಿ ನೊ ಯೋ ನಿ' ಮಾರಾಟದಲ್ಲಿ ಎಲ್ಲಕ್ಕಿಂತ ದೊಡ್ಡದು. 1981ರಲ್ಲಿ ಮೊದಲು ಬಂತು. 1992ರಲ್ಲಿ ಫೂಜಿ ಟಿವಿಯ 'ಐ ತೊ ಇಯು ನ ನೊ ಮೊತೊ ನಿ' ಧಾರಾವಾಹಿಗಾಗಿ ಮತ್ತೆ ಧ್ವನಿಮುದ್ರಿಸಿದಾಗ ಜಪಾನಿನ ಸಂಗೀತ ಮಾರಾಟದ ಓರಿಕಾನ್ ಪಟ್ಟಿಯ ತುದಿಗೇರಿ ಹತ್ತು ಲಕ್ಷ ಮೀರಿ ಮಾರಾಟವಾಯಿತು. ಧಾರಾವಾಹಿಯ ಹೆಸರೂ ಅವರದೇ ಒಂದು ಹಾಡಿನದು. ಎಲ್ಲರೂ ಕಣ್ಣೀರು ತೋರಿಸದೆ ಅಳುತ್ತಾರೆ, ಪ್ರೀತಿಸುವವರ ಮುಂದೆಯೇ ಅರಿಯದೆ ಹಾದುಹೋಗುತ್ತಾರೆ ಎನ್ನುವ ಈ ಹಾಡನ್ನು ಪ್ರೇಮಗೀತೆ ಎನ್ನುವುದಕ್ಕಿಂತ ಸಾಂತ್ವನ ಎನ್ನಬಹುದು. ಮದುವೆ ಮನೆಗೆ ಆರಿಸಬೇಡಿ. ಗುಂಪಿನಲ್ಲಿ ಹಾಡಲು ಮಾತ್ರ ಇದೇ ಸುಲಭ: ಪಲ್ಲವಿಯ ಮಾತು ಮರುಕಳಿಸುತ್ತದೆ, ಒಬ್ಬರ ಉಸಿರು ತಪ್ಪಿದರೆ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ಹೆಸರಿನ 'ವ' ಜಪಾನಿ ಲಿಪಿಯಲ್ಲಿ 'ಹ' ಎಂದೇ ಬರೆದಿರುತ್ತದೆ. ಅಕ್ಷರ ಕೂಡಿಸಿ ಓದುವವರು ಇಲ್ಲಿ ಎಡವುತ್ತಾರೆ.

ಎರಡು ಮುದ್ರಣಗಳ ವಾದ್ಯಸಂಯೋಜನೆ ಬೇರೆ ಬೇರೆ. 1981ರದನ್ನು ಕೇಳಿ ಕಲಿತು 1992ರ ಹಿನ್ನೆಲೆಗೆ ಹಾಡಲು ನಿಂತರೆ ಪ್ರವೇಶವೇ ತಪ್ಪುತ್ತದೆ. ಯಾವ ವರ್ಷದ್ದೆಂದು ನೋಡಿಕೊಂಡು ಅಭ್ಯಾಸ ಶುರು ಮಾಡಿ.